ಸ್ನಾನದ ನೀರಿನ ಹೂವು

ಕಳೆದ ತಿಂಗಳು ನಮ್ಮ ಹಾಸ್ಟೆಲಿನ ವಾರ್ಡನ್ ಮೇಡಂ ತೀರಿಕೊಂಡರು. ಹಳೆಯ ಹುಡುಗಿಯರೆಲ್ಲ ಸೇರಿ ರಾಯಚೂರಿನಲ್ಲಿ ಒಂದು ಸಣ್ಣ ಸಭೆ ಮಾಡುವುದೆಂದು ಫೋನಿನ ಗುಂಪಿನಲ್ಲಿ ತೀರ್ಮಾನವಾಯಿತು. ಹಾರ ಹಾಕಲು ಒಂದು ಫೋಟೋ ಬೇಕಿತ್ತು. ಅಷ್ಟು ವರ್ಷ ಹಾಸ್ಟೆಲ್ ನಡೆಸಿದವರ ಒಂದು ಫೋಟೋ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ನನ್ನ ಬ್ಯಾಚಿನ ಗ್ರೂಪ್ ಫೋಟೋ ಸಿಕ್ಕಿತು. ಅದರಲ್ಲಿ ನಾವು ಮೂವತ್ತೆಂಟು ಹುಡುಗಿಯರು ಸಾಲಾಗಿ ನಿಂತಿದ್ದೇವೆ. ಮೇಡಂ ನಮ್ಮ ಹಿಂದೆ, ಗಿಡದೊಳಗೆ ನಿಂತಿದ್ದಾರೆ. ಹಣೆ, ಒಂದು ಕಣ್ಣು ಮತ್ತು ಎಡಗೈ ಕಾಣುತ್ತವೆ. ಆವತ್ತು ಫೋಟೋದವನು "ಮೇಡಂ, ಮುಂದ ಬರ್ರಿ" ಎಂದು ಮೂರು ಸಲ ಕರೆದ. "ನಾ ಮುಂದ ಬಂದ್ರ ಹುಡ್ಗೇರು ಹಿಂದ ಸರೀತಾರ. ಹಿಂದ ಸರದ್ರ ಗಿಡ ತುಳೀತಾರ. ನೀ ತಗೀ" ಎಂದರು. ಅವನು ತೆಗೆದ. ನಾವು ಆ ಒಂದು ಕಣ್ಣಿಗೇ ಹಾರ ಹಾಕಿದೆವು.

ಸಭೆಯಲ್ಲಿ ನನಗೆ ಎರಡು ನಿಮಿಷ ಕೊಟ್ಟಿದ್ದರು. ನನಗಿಂತ ಮೊದಲು ಐದು ಜನ "ಅವರು ತಾಯಿಯಂತೆ ಇದ್ದರು" ಎಂದು ಹೇಳಿ ಕೂತಿದ್ದರು. ಅವರು ತಾಯಿಯಂತೆ ಇರಲಿಲ್ಲ. ನನ್ನ ತಾಯಿ ಹೇಗಿದ್ದಾಳೆಂದು ನನಗೆ ಗೊತ್ತು. ಆದರೆ ಮೈಕ್ ಹಿಡಿದು ಹಾಗೆ ಹೇಳಲು ಬಾಯಿ ಬರಲಿಲ್ಲ. ನಾನೂ ತಾಯಿಯಂತೆ ಇದ್ದರು ಎಂದೇ ಹೇಳಿ ಕೂತೆ. ಮನೆಗೆ ಬಂದ ಮೇಲೆ ಸಮಾಧಾನವಾಗಲಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ದೇವದುರ್ಗ ತಾಲೂಕಿನವಳು. ಕೂಲಿ ಮಾಡಿ ಉಂಡ ಮನೆತನ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಈಗ ಮಾನ್ವಿಯಲ್ಲಿ ಹೈಸ್ಕೂಲ್ ಟೀಚರ್. ಆ ಡಿಗ್ರಿಯ ಕೊನೆಯ ಪರೀಕ್ಷೆಗೆ ನಾನು ಕೂತದ್ದು ಮೇಡಂ ಅವರ ಗಿಡಗಳಿಗೆ ನೀರು ಬೇಕಾಗಿದ್ದರಿಂದ. ಚಂದ ಕಾಣಲಿ ಎಂದು ಹೀಗೆ ಬರೆದಿಲ್ಲ. ನಡೆದದ್ದೇ ಹಾಗೆ.

ಅಪ್ಪ ನನ್ನನ್ನು ಹಾಸ್ಟೆಲಿಗೆ ಸೇರಿಸಲು ಕರೆತಂದ ದಿನ ಮೇಡಂ ನನ್ನ ಅಂಕಪಟ್ಟಿಯನ್ನು ನೋಡಲಿಲ್ಲ. ಉಳಿದ ಸರ್ಟಿಫಿಕೇಟುಗಳನ್ನು ತಿರುವಿ ಪಕ್ಕಕ್ಕಿಟ್ಟರು. ನನ್ನ ಜಡೆಯನ್ನು ನೋಡಿದರು.

"ವಾರಕ್ಕ ಎಷ್ಟು ಸಲ ತಲಿ ತೊಳ್ಕೊಂತಿ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಇದು ನೀರಿನ ಕೊರತೆಯ ಪ್ರಶ್ನೆ ಎಂದುಕೊಂಡ.

"ಎರಡ ಸಲ ರೀ ಮೇಡಮ್ಮೋರ. ನೀರು ಕಡಿಮಿ ಇದ್ರ ಒಂದ ಸಲ ತೊಳ್ಕೊಂತಾಳ್ರಿ. ಹೊಂದ್ಕೊಂಡು ಹೋಗೋ ಹುಡಿಗಿ."

"ಎರಡ ಇರ್ಲಿ. ಸೀಗಿಕಾಯೋ, ಶಾಂಪೂನೋ?"

"ಸೀಗಿಕಾಯಿ ರೀ."

"ಚಲೋ ಆತು. ತಗೊಂಡೀನಿ ಹೋಗು."

ಹೊರಗೆ ಬಂದ ಮೇಲೆ ಅಪ್ಪ, "ದೊಡ್ಡ ಹಾಸ್ಟೆಲ್ ನೋಡವ್ವಾ, ತಲಿಕೂದ್ಲಿಂದ ಹಿಡದು ವಿಚಾರಸ್ತಾರ" ಎಂದ.

ಒಂದು ವಾರದಲ್ಲಿ ಕಾರಣ ತಿಳಿಯಿತು. ಹಾಸ್ಟೆಲಿನ ಬಚ್ಚಲುಗಳು ಹಿಂದಿನ ಸಾಲಿನಲ್ಲಿದ್ದವು. ಮೇಡಂ ಮೋರಿ ಒಡೆಸಿ, ಗೋಡೆಯ ಬುಡದಲ್ಲಿ ಗೇಣಗಲದ ಕಾಲುವೆ ಮಾಡಿಸಿ, ಸ್ನಾನದ ನೀರೆಲ್ಲ ಮುಂದಿನ ಅಂಗಳಕ್ಕೆ ಬರುವ ಹಾಗೆ ಮಾಡಿದ್ದರು. ಅಲ್ಲಿ ಗೇಟಿನಿಂದ ಹಿಡಿದು ಅವರ ಕೋಣೆಯವರೆಗೆ ಗಿಡಗಳ ಸಾಲು. ದಾಸವಾಳ, ರತ್ನಗಂಧಿ, ಪಟಾಕಿ ಗಿಡ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹೆಸರು ಗೊತ್ತಿಲ್ಲದ ಒಂದು ಗಿಡ. ಎದೆಯೆತ್ತರದ ಪೊದೆ, ಗೇಟಿನ ಹತ್ತಿರದ್ದು ಮಾತ್ರ ಆಳಿಗಿಂತ ಎತ್ತರ; ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಕೆಂಪು ಕೊಳವೆ ಹೂಗಳು ಗೊಂಚಲು ಗೊಂಚಲು. ಸ್ಟೇಷನ್ ಕಡೆಯ ಯಾವುದೋ ಬೇಲಿಯಿಂದ ಒಂದು ಟೊಂಗೆ ಮುರಿದು ತಂದು ಬೆಳೆಸಿದ್ದಂತೆ. ಮೇಡಂ ಅದನ್ನು ಕೆಂಪು ಕೊಳವಿ ಗಿಡ ಎನ್ನುತ್ತಿದ್ದರು.

ಯಾವ ರೂಮಿನವರ ನೀರು ಯಾವ ಗಿಡಕ್ಕೆ ಎಂಬ ಪಾಳಿ ಇತ್ತು. ಕಾಲುವೆಯಲ್ಲಿ ಚಪ್ಪಡಿ ಕಲ್ಲು ಇಟ್ಟು ತಿರುಗಿಸುವುದು. ಬೆಳಿಗ್ಗೆ ತಟ್ಟೆ ಹಿಡಿದು ಉಪ್ಪಿಟ್ಟಿಗೆ ನಿಂತಾಗ ಮೇಡಂ ಬಂದು, "ನಾಕನೇ ರೂಮಿನವ್ರು ನಿನ್ನಿ ಕಾಗಿ ಜಳಕ ಮಾಡ್ಯಾರ. ರತ್ನಗಂಧಿ ಬಾಡ್ಯಾದ" ಎಂದು ಎಲ್ಲರೆದುರು ಹೇಳುತ್ತಿದ್ದರು. ನಾಲ್ಕನೇ ರೂಮಿನವರು ತಲೆ ತಗ್ಗಿಸುತ್ತಿದ್ದರು. ಬೆನ್ನ ಹಿಂದೆ ನಾವು ಮೇಡಂ ಅವರನ್ನು ನೀರವ್ವ ಎನ್ನುತ್ತಿದ್ದೆವು. ಅವರಿಗೆ ಗೊತ್ತಿತ್ತು. ಬೇಸರಪಟ್ಟುಕೊಂಡ ಹಾಗೆ ಕಾಣಲಿಲ್ಲ.

ಅಷ್ಟು ಹೂವಿದ್ದರೂ ನಮ್ಮ ಹಾಸ್ಟೆಲಿನ ಹುಡುಗಿಯರ ತಲೆಯಲ್ಲಿ ಒಂದೂ ಹೂವಿರುತ್ತಿರಲಿಲ್ಲ. ಅವು ಮುಡಿಯುವ ಹೂವುಗಳಲ್ಲ. ವಾಸನೆಯೂ ಇಲ್ಲ. ಒಬ್ಬಳು ಧೈರ್ಯ ಮಾಡಿ, "ಮೇಡಂ, ಒಂದು ಮಲ್ಲಿಗಿ ಬಳ್ಳಿ ಹಚ್ರಲ್ಲ" ಎಂದು ಕೇಳಿದಳು. "ಮಲ್ಲಿಗಿ ಬಜಾರದಾಗ ಸಿಗತದ, ತಗೊಂಡು ಮುಡ್ಕೊ. ಹೂಗುಬ್ಬಿ ಬಜಾರಕ್ಕ ಹೋಗಂಗಿಲ್ಲ" ಎಂದರು.

ಹೂಗುಬ್ಬಿ ಎಂದರೆ ಸೂರಕ್ಕಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಬಾಗಿದ ಕೊಕ್ಕು. ಗಂಡು ಬಿಸಿಲಿಗೆ ಬಂದರೆ ನೀಲಿ ಮಸಿ ಚೆಲ್ಲಿದ ಹಾಗೆ ಹೊಳೆಯುತ್ತದೆ. ಅದು ಹೂವಿಗೆ ಕೊಕ್ಕಿಟ್ಟಿರುವಾಗ ಮೇಡಂ ಬಲಗೈಯ ಒಂದು ಬೆರಳು ಎತ್ತುತ್ತಿದ್ದರು. ಅಂಗಳದಲ್ಲಿದ್ದವರೆಲ್ಲ ಇದ್ದಲ್ಲೇ ನಿಲ್ಲಬೇಕು. ಅದು ಹಾರಿಹೋಗುವವರೆಗೆ ಊಟದ ಗಂಟೆಯನ್ನೂ ಬಾರಿಸುತ್ತಿರಲಿಲ್ಲ. ನಾವು ಎಷ್ಟೋ ಸಲ ಆರಿದ ಅನ್ನ ಉಂಡಿದ್ದೇವೆ.

ರಾಯಚೂರಿನ ಬೇಸಿಗೆಯಲ್ಲಿ ಹೂ ಬಿಡಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅವರು ಹೇಳುತ್ತಿದ್ದದ್ದು ಇಷ್ಟು: "ಮಳಿಗಾಲದಾಗ ನೆಡು. ಸಂಕ್ರಾಂತಿ ಆದ್ಮ್ಯಾಲ ಕಡಿ. ಬ್ಯಾಸಗ್ಯಾಗ ಕತ್ತರಿ ಮುಟ್ಟಬ್ಯಾಡ." ಸಂಕ್ರಾಂತಿ ಮುಗಿದ ಮೊದಲ ಭಾನುವಾರ ಅವರು ಕುಡುಗೋಲು ಹಿಡಿದು, ಗೇಟಿನ ಹತ್ತಿರದ್ದೊಂದನ್ನು ಬಿಟ್ಟು ಎಲ್ಲ ಗಿಡಗಳನ್ನೂ ಮೊಣಕಾಲೆತ್ತರಕ್ಕೆ ಸವರಿದಾಗ ಮೊದಲ ವರ್ಷದ ನಾವು ಗಾಬರಿಯಾಗಿದ್ದೆವು. ಶಿವರಾತ್ರಿಗೆ ಚಿಗುರು ಬಂತು. ಯುಗಾದಿ ಹೊತ್ತಿಗೆ ಅಂಗಳ ಕೆಂಪಾಯಿತು. ಊರಿನ ಗಿಡಗಳೆಲ್ಲ ಒಣಗಿ ನಿಂತಾಗ ಇವು ಹೂ ಬಿಡುತ್ತಿದ್ದವು.

ಇನ್ನೊಂದು ಕೆಲಸ ಬಿರುಕು ತುಂಬುವುದು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ, ಬಿರಿಯುವಾಗ ಒಳಗಿನ ಬೇರನ್ನೂ ಹರಿಯುತ್ತದೆ. ಮೇಡಂ ಊರು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ ಕಡೆ. ಊರಿಗೆ ಹೋದಾಗಲೆಲ್ಲ ಮಾನ್ವಿಯ ಅಕ್ಕಿ ಗಿರಣಿಯಿಂದ ಒಂದು ಚೀಲ ಭತ್ತದ ಹೊಟ್ಟನ್ನು ಬಸ್ಸಿನಲ್ಲಿ ಹೇರಿಕೊಂಡು ಬರುತ್ತಿದ್ದರು. ಭಾನುವಾರ ನಾವು ಕೂತು ಆ ಹೊಟ್ಟನ್ನು ಬಿರುಕುಗಳಿಗೆ ಬೆರಳಿನಿಂದ ತುರುಕಬೇಕು. "ಬಿಎ ಓದಾಕ ಬಂದು ನೆಲದ ಸಂದಿ ತುಂಬಾಕತ್ತೀವಿ" ಎಂದು ಗೊಣಗುತ್ತಿದ್ದೆವು. "ಬಿಎ ಆರ ಸೆಮಿಸ್ಟರ್ ಅದ. ಸಂದಿ ಸಂಜಿಗಿ ಮುಗೀತದ" ಎನ್ನುತ್ತಿದ್ದರು.

ಎರಡನೇ ವರ್ಷಕ್ಕೆ ನನಗೆ ಸ್ವಲ್ಪ ಇಂಗ್ಲಿಷ್ ಬಂದಿತ್ತು, ಅದರ ಜೊತೆ ಸ್ವಲ್ಪ ಸೊಕ್ಕು. ಲೈಬ್ರರಿಯಿಂದ ಹಕ್ಕಿಗಳಿಗಾಗಿ ಹೂದೋಟ ಮಾಡುವ ಬಗ್ಗೆ ಚಿತ್ರಗಳಿದ್ದ ಒಂದು ಪುಸ್ತಕ ತಂದು, ಮೇಡಂ ಮುಂದೆ ಹಿಡಿದು, "ಇದಕ್ಕ ಹಮ್ಮಿಂಗ್ ಬರ್ಡ್ ಅಂತಾರ್ರಿ ಮೇಡಂ. ಹೂಗುಬ್ಬಿ ಅಲ್ಲ" ಎಂದೆ.

"ಇದು ಯಾವ ದೇಶದ್ದು?"

"ಅಮೆರಿಕಾದ್ದು ರೀ."

"ಇದು ಗಾಳ್ಯಾಗ ನಿಂತು ಕುಡಿಯಾಕತ್ತದ ನೋಡು. ನಮ್ದು ಕುಂತು ಕುಡೀತದ. ಕುಂದ್ರಾಕ ಟೊಂಗಿ ಬೇಕು ಅದಕ್ಕ."

ಆದರೂ ಪುಸ್ತಕವನ್ನು ಬಿಡಲಿಲ್ಲ. ಎರಡು ಸಂಜೆ ನನ್ನಿಂದ ಓದಿಸಿ ಕನ್ನಡದಲ್ಲಿ ಹೇಳಿಸಿದರು. ಅರ್ಥವಾಗದ ಕಡೆ ನಾನು ತೋಚಿದ್ದನ್ನು ಹೇಳಿದೆ. "ಇದು ಅಲ್ಲಿ ಬರದಿಲ್ಲ, ಸರಿಯಾಗಿ ನೋಡು" ಎಂದರು. ಅವರಿಗೆ ನನಗಿಂತ ಕಡಿಮೆ ಇಂಗ್ಲಿಷ್ ಬರುತ್ತಿತ್ತು, ಗಿಡ ಗೊತ್ತಿತ್ತು. ಕೊನೆಗೆ ಪುಸ್ತಕ ಮುಚ್ಚಿ, "ಅವ್ರೂ ಕೆಂಪು ಕೊಳವಿ ಹೂವಾ ಹಚ್ತಾರ. ಅಲ್ಲಿ ಚಳಿಗಿ ಸಾಯದಂಥದ್ದು ನೋಡಿ ಹಚ್ಬೇಕು, ಇಲ್ಲಿ ಬಿಸಲಿಗಿ ಸಾಯದಂಥದ್ದು. ಅಷ್ಟ ಫರಕು" ಎಂದು ವಾಪಸು ಕೊಟ್ಟರು.

ಈಗ ಆ ಬೇಸಿಗೆಗೆ ಬರುತ್ತೇನೆ.

ಮೂರನೇ ವರ್ಷದ ಕೊನೆಯ ಪರೀಕ್ಷೆ ಮೇ ತಿಂಗಳಿಂದ ಜೂನಿಗೆ ಹೋಯಿತು. ಹಾಸ್ಟೆಲ್ ಮೇ ತಿಂಗಳಿಡೀ ಮುಚ್ಚುತ್ತದೆ. ಊರಲ್ಲಿ ನನ್ನ ಸೋದರಮಾವ ತನ್ನ ಮಗನಿಗೆ ನನ್ನನ್ನು ತಂದುಕೊಳ್ಳಲು ಅದೇ ಮೇ ತಿಂಗಳಿಗೆ ಕಾಯುತ್ತಿದ್ದ. ನಾನು ಮೇಡಂ ಕೋಣೆಗೆ ಹೋದೆ.

"ಮೇಡಂ, ಈ ಬ್ಯಾಸಗಿಗಿ ನಾ ಊರಿಗಿ ಹೋಗಂಗಿಲ್ರಿ."

"ಯಾಕ?"

"ಹೋದ್ರ ತಿರುಗಿ ಬರಾಕಾಗಂಗಿಲ್ರಿ. ಮದುವಿ ಮಾತಾಗ್ಯಾದ. ಮದುವಿ ಆದ್ಮ್ಯಾಲ ಪರೀಕ್ಷಿ ಬರಿ ಅಂತಾರ. ನಮ್ಮೂರಾಗ ಹಂಗ ಬರದವ್ರು ಒಬ್ರೂ ಇಲ್ರಿ."

"ಹಾಸ್ಟೆಲ್ ಬಂದ್ ಆಗ್ತದ. ಅಡಗಿಯಾಕಿಗಿ ರಜಾ. ಇರಾಕ ಬರಂಗಿಲ್ಲ" ಎಂದು ಅವರು ಮಾತು ಮುಗಿಸಿದರು. ಸಮಾಧಾನ ಹೇಳಲಿಲ್ಲ, ಕಣ್ಣೊರೆಸಲಿಲ್ಲ. ನಾನು ಟ್ರಂಕು ತುಂಬತೊಡಗಿದೆ.

ಮೂರು ದಿನ ಬಿಟ್ಟು ಅವರೇ ಕರೆದರು.

"ಎಲ್ಲಾರೂ ಹೋದ್ರ ಗಿಡಕ್ಕ ನೀರಿಲ್ಲ. ದಿನಾ ಹತ್ತು ಕೊಡ ಬೇಕು. ನಲ್ಲಿ ಐದು ದಿನಕ್ಕೊಮ್ಮಿ ಬರತದ, ಆ ಚಲೋ ನೀರು ಗಿಡಕ್ಕ ಹಾಕಿದ್ರ ಪಾಪ ಬರತದ. ನಾ ಒಬ್ಬಾಕಿ ಎಷ್ಟಂತ ಜಳಕ ಮಾಡ್ಲಿ? ನೀ ಇರು. ಎರಡು ಹೊತ್ತು ಜಳಕ ಮಾಡು, ಅರಿವಿ ಒಗಿ. ಉಳದ ಹೊತ್ತು ಓದು."

ಅದಕ್ಕೆ ಮೇಲಿನ ಅಧಿಕಾರಿಯ ಅನುಮತಿ ಬೇಕಿತ್ತು. ಮೇಡಂ ಹೇಳಿದಂತೆ ಅರ್ಜಿ ಬರೆದವಳು ನಾನೇ, ಹಾಗಾಗಿ ಅದರ ಮಾತು ಇನ್ನೂ ನೆನಪಿದೆ: "ಆವರಣದ ಹೂಗಿಡಗಳ ಸಂರಕ್ಷಣೆಗೆ ಅಗತ್ಯವಾದ ಬಳಸಿದ ನೀರಿನ ಉತ್ಪಾದನೆಗಾಗಿ ಒಬ್ಬ ವಿದ್ಯಾರ್ಥಿನಿಯನ್ನು ರಜೆಯಲ್ಲಿ ಉಳಿಸಿಕೊಳ್ಳಲು ಕೋರಿಕೆ." ಅಧಿಕಾರಿ ಅದರ ಮೇಲೆ, "ಗಿಡಗಳನ್ನು ಖುದ್ದು ನೋಡಿ ತೀರ್ಮಾನಿಸಲಾಗುವುದು, ಅಲ್ಲಿಯವರೆಗೆ ಇರಬಹುದು" ಎಂದು ಬರೆದು ಕಳಿಸಿದರು. ಅಂದರೆ ಅವರು ಬಂದ ದಿನ ಗಿಡ ಒಣಗಿದ್ದರೆ ನಾನು ಊರಿಗೆ, ಊರಿಂದ ಮಾವನ ಮನೆಗೆ.

ನಾನು ಅಷ್ಟು ಮನಸ್ಸಿಟ್ಟು ಯಾವತ್ತೂ ಸ್ನಾನ ಮಾಡಿಲ್ಲ. ಬೆಳಿಗ್ಗೆ ಒಂದು ಸಲ, ಹೊತ್ತು ಇಳಿದ ಮೇಲೆ ಒಂದು ಸಲ. ಕೊಳೆಯಾಗದ ಬಟ್ಟೆಯನ್ನೂ ಒಗೆದೆ. ಮೇಡಂ ಸೋಪಿನ ಪುಡಿ ಮುಚ್ಚಿಟ್ಟು ಅಂಟುವಾಳಕಾಯಿ ಕೊಟ್ಟರು. ಸಂಜೆ ಇಬ್ಬರೂ ಬಗ್ಗಿ ಪ್ರತಿ ಬುಡವನ್ನೂ ಮುಟ್ಟಿ ನೋಡುತ್ತಿದ್ದೆವು. ಅವರು ಅಂಗೈ ಹಚ್ಚುತ್ತಿರಲಿಲ್ಲ, ಕೈಯ ಹಿಂಭಾಗ ಹಚ್ಚುತ್ತಿದ್ದರು, ಜ್ವರ ನೋಡುವ ಹಾಗೆ. "ಇದು ನಾಳಿ ತನಕ ತಡೀತದ. ಇದಕ್ಕ ಈಗ ಹಾಕು."

ಅಧಿಕಾರಿ ನಾಳೆ ಬರುತ್ತಾರೆ ಎಂದು ಸುದ್ದಿ ಬಂದ ದಿನ ಮೇಡಂ ಬಜಾರಿಗೆ ಹೋಗಿದ್ದರು. ನಾನು ಪೊರಕೆ ಹಿಡಿದು ಅಂಗಳವೆಲ್ಲ ಗುಡಿಸಿದೆ. ಗೇಟಿನ ಮೇಲೆ ಬಾಗಿದ್ದ ಕೆಂಪು ಕೊಳವಿ ಗಿಡದ ಟೊಂಗೆಗೆ ಒಂದು ಕಸದ ಗಂಟು ನೇತಾಡುತ್ತಿತ್ತು. ಜೇಡರ ಬಲೆ, ಒಣಗಿದ ಎಲೆ ಚೂರು, ನಾರು, ಯಾರದೋ ಉದುರಿದ ಕೂದಲು. ಅಧಿಕಾರಿ ಒಳಗೆ ಬರುವಾಗ ತಲೆಗೇ ತಾಗುತ್ತದೆಂದು ಪೊರಕೆಯಿಂದ ಒಂದು ಹೊಡೆತ ಹೊಡೆದೆ. ಬಿತ್ತು. ಗುಡಿಸಿ ಮೂಲೆಗೆ ಹಾಕಿದೆ.

ಮೇಡಂ ಬಂದವರು ಮೊದಲು ಟೊಂಗೆ ನೋಡಿದರು, ಆಮೇಲೆ ಮೂಲೆ ನೋಡಿದರು. ಹೋಗಿ ಆ ಗಂಟನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದರು. ಪಕ್ಕದಲ್ಲಿ ಹೆಬ್ಬೆರಳು ಹೋಗುವಷ್ಟು ಬಾಗಿಲು, ಅದರ ಮೇಲೆ ಸಣ್ಣ ಛಜ್ಜ, ಒಳಗೆ ಎಕ್ಕೆಯ ಅರಳೆ ಹಾಸಿತ್ತು. ಮೊಟ್ಟೆ ಇರಲಿಲ್ಲ. ಇದ್ದಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ.

"ಕಸ ಅಂದ್ಕೊಂಡೆ ರೀ ಮೇಡಂ."

"ಅದು ಹಂಗಾ ಕಟ್ಟತದ. ಕಸ ಅಂತ ಎಲ್ಲಾರೂ ಬಿಡ್ಲಿ ಅಂತ." ಗೂಡಿನ ಧೂಳು ಊದಿ, "ನಿನ್ನಂಥಾಕಿ ಬರತಾಳಂತ ಅದಕ್ಕ ಗೊತ್ತಿಲ್ಲ" ಎಂದರು.

ಬೈದದ್ದು ಅಷ್ಟೇ. ಗೂಡನ್ನು ಬಿಳಿ ದಾರದಿಂದ ಅದೇ ಟೊಂಗೆಗೆ ಕಟ್ಟಿದರು. ಹಕ್ಕಿ ಮತ್ತೆ ಬಂದೀತು ಎಂದು. ಹೂವಿಗೆ ಬಂತು, ಗೂಡಿಗೆ ಬರಲಿಲ್ಲ.

ಮರುದಿನ ಅಧಿಕಾರಿ ಬಂದರು. ಮೇ ತಿಂಗಳ ನಡು ಹಗಲು, ನೆರಳೂ ಸುಡುವ ಹೊತ್ತು. ಅಂಗಳ ಕೆಂಪಗೆ ತುಂಬಿ ನಿಂತಿತ್ತು. ಅವರು ಒಂದು ಗೊಂಚಲು ಮುಟ್ಟಿ, "ಈ ಬಿಸಲಾಗ ಇಷ್ಟು ಹೂವು ಹೆಂಗ್ರಿ? ಏನು ಹಾಕ್ತೀರಿ?" ಎಂದು ಕೇಳಿದರು.

"ಈ ಹುಡಿಗಿ ಜಳಕದ ನೀರು ಸರ್" ಎಂದು ಮೇಡಂ ನನ್ನನ್ನು ತೋರಿಸಿದರು.

ಅಧಿಕಾರಿ ಕೈ ಹಿಂದಕ್ಕೆ ತೆಗೆದುಕೊಂಡರು. ಆದರೆ ಹೋಗುವಾಗ, ಮನೆಯಲ್ಲಿ ಹಚ್ಚಲು ಒಂದು ಟೊಂಗೆ ಕೊಡುತ್ತೀರಾ ಎಂದು ಕೇಳಿದರು. "ಮಳಿಗಾಲದಾಗ ಬರ್ರಿ" ಎಂದರು ಮೇಡಂ. ಜೂನಿನ ಕೊನೆಯವರೆಗೆ ಇರಲು ನನಗೆ ಅನುಮತಿ ಸಿಕ್ಕಿತು.

ವಾರ ಕಳೆಯಿತು. ಒಂದು ಬೆಳಿಗ್ಗೆ ಅಪ್ಪ ಬಂದ. ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಚೀಲ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತ.

"ಮಗಳನ್ನ ಕರ್ಕೊಂಡು ಹೋಗಾಕ ಬಂದೀನ್ರಿ ಮೇಡಮ್ಮೋರ. ಆಕಿ ಮಾವ ಭಾಳ ಅವಸರ ಮಾಡಾಕತ್ತಾನ."

ಮೇಡಂ ಗೇಟು ತೆಗೆಯಲಿಲ್ಲ. ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಮೇಲೆ ನೇತಾಡುತ್ತಿದ್ದ ಗೂಡು ನೋಡಿದರು.

"ಈಗ ಬರಂಗಿಲ್ಲ ನೋಡಪಾ. ಗೇಟಿನ ಮ್ಯಾಲ ಹೂಗುಬ್ಬಿ ಗೂಡು ಕಟ್ಯಾದ. ಒಳಗ ತತ್ತಿ ಅದಾವ. ಬಾಗಲ ಗೂಡಿನಾಗ ತತ್ತಿ ಇದ್ದಾಗ ಆ ಮನ್ಯಾಗಿನ ಹೆಣ್ಮಗಳನ್ನ ಮದುವಿಗಿ ಕರ್ಕೊಂಡು ಹೋಗಬಾರದು. ಮರಿ ಹಾರಬೇಕು."

ಇಂಥ ಶಾಸ್ತ್ರವನ್ನು ನಾನು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಮೇಡಂ ಬಾಯಲ್ಲಿ ಶಾಸ್ತ್ರದ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಮರಿ ಯಾವಾಗ ಹಾರ್ತಾವ್ರಿ?"

"ಕಾರಹುಣ್ವಿ ಮುಗದ ಎರಡನೇ ದಿನ."

ನನ್ನ ಕೊನೆಯ ಪೇಪರು ಜೂನಿನಲ್ಲಿ, ಕಾರಹುಣ್ಣಿಮೆಯ ಮರುದಿನ ಇತ್ತು.

ಅಪ್ಪ ತಲೆಯಾಡಿಸಿದ. ಎದುರಿನ ಬೇವಿನ ಮರದ ಕೆಳಗೆ ಹೋಗಿ ಕೂತ. ಅಡುಗೆಮನೆಯ ಹಿಂದೆ ಇನ್ನೊಂದು ಬಾಗಿಲಿತ್ತು; ನಾನು ಅದರಿಂದಲೇ ಹೊರಗೆ ಹೋಗಿ ಅಪ್ಪನಿಗೆ ನೀರು ಕೊಟ್ಟೆ. ಆ ಬಾಗಿಲನ್ನು ಅಪ್ಪನೂ ನೋಡಿದ. ಮೂವರಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಅಪ್ಪ ಒಂದು ತಾಸು ಆ ಗೂಡನ್ನೇ ನೋಡುತ್ತ ಕೂತ. ಹಕ್ಕಿಗಳು ಹೂವಿಂದ ಹೂವಿಗೆ ಹೋದವು. ಗೂಡಿನ ಹತ್ತಿರ ಒಂದೂ ಸುಳಿಯಲಿಲ್ಲ. ದಾರದ ಬಿಳಿ ಗಂಟು ಅಲ್ಲಿಂದಲೂ ಕಾಣುತ್ತಿತ್ತು. ಆಮೇಲೆ ಅಪ್ಪ ಎದ್ದು, ರೊಟ್ಟಿಯ ಚೀಲ ನನ್ನ ಕೈಗೆ ಕೊಟ್ಟು, ದೇವದುರ್ಗದ ಬಸ್ಸಿಗೆ ಹೋದ.

"ನಿಮ್ಮಪ್ಪ ಹೊಲದಾಗ ದುಡಿಯೋ ಮನಶ್ಯಾ. ಖಾಲಿ ಗೂಡು ಯಾವುದು ಅಂತ ಅವಗ ಹೇಳ್ಬೇಕಾಗಿಲ್ಲ" ಎಂದರು ಮೇಡಂ.

"ಮತ್ತ ನಾಳಿ ಮಾವನ್ನ ಕರ್ಕೊಂಡು ಬಂದ್ರ?"

"ಬಂದ್ರ ಬರ್ಲಿ. ಓದ ಹೋಗು."

ಮುಂದಿನ ಇಪ್ಪತ್ತು ದಿನ ಗೇಟು ಸದ್ದಾದರೆ ನನ್ನ ಕಣ್ಣು ಪುಸ್ತಕದಿಂದ ಏಳುತ್ತಿತ್ತು. ಹಾಲಿನವನು ಬಂದ, ಪೋಸ್ಟಿನವನು ಬಂದ, ಮಾವ ಬರಲಿಲ್ಲ. ಆರೂ ಪೇಪರು ಬರೆದೆ. ಕೊನೆಯ ಪೇಪರು ಬರೆದು ಬಂದು ಮೇಡಂ ಮುಂದೆ ನಿಂತಾಗ ಏನೇನೋ ಹೇಳಬೇಕೆಂದಿದ್ದೆ. ಅವರು ಬುಡ ಮುಟ್ಟಿ ನೋಡುತ್ತಿದ್ದರು. "ದಿನಾ ಹತ್ತು ಕೊಡ ಅಂದಿದ್ದೆ. ನಿನ್ನಿಂದ ಎಂಟಾ ಆತು" ಎಂದರು. ಅದೇ ನಮ್ಮ ಬೀಳ್ಕೊಡುಗೆ.

ಮೇಡಂ ಹೇಳಿದ ದಿನವೇ ಅಪ್ಪ ಬಂದ. ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನು ಕೂರಿಸಿದ. ಮಾವ ಕಾಯಲಾರದೆ ಮಗನಿಗೆ ಬೇರೆ ಕಡೆ ಹೆಣ್ಣು ತಂದಿದ್ದ. ಅದನ್ನು ಅಪ್ಪ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದ. ಸ್ವಲ್ಪ ದೂರ ಬಂದ ಮೇಲೆ ನಾನು ಕೇಳಿದೆ.

"ಯಪ್ಪಾ, ಆ ಗೂಡಿನಾಗ ತತ್ತಿ ಇಲ್ಲ ಅಂತ ನಿನಗ ಗೊತ್ತಿತ್ತೇನು?"

"ಹ್ಞೂಂ. ದಾರ ಕಟ್ಟಿದ್ದು ಕಾಣ್ತಿತ್ತಲ್ಲ."

"ಮತ್ತ ಯಾಕ ಸುಮ್ನ ಹೋದಿ?"

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ನಾ ಹೋದ ಸರ್ಕಾರಿ ದಫ್ತರದಾಗೆಲ್ಲ ನನ್ನ ಬೈದಾ ಕಳಿಸ್ಯಾರವ್ವಾ. ಈಯಮ್ಮನೂ ಬೈದಿದ್ರ ನಾ ಎದುರಾಡಿ ನಿನ್ನ ಕರ್ಕೊಂಡು ಬರ್ತಿದ್ನೋ ಏನೋ. ಅಷ್ಟು ದೊಡ್ಡ ಮನಶ್ಯಾಳು ನನ್ನಂಥವಗ ಒಂದು ಸುಳ್ಳು ಕಟ್ಟಿ ಹೇಳಾಕತ್ತಿದ್ಲು. ನಿನ್ನ ಪರೀಕ್ಷಿ ಸಣ್ಣದಲ್ಲ ಅಂತ ಆವಾಗ ತಿಳೀತು."